ಬಾಯ್ಲರ್ ಇಲ್ಲದ ಬಿಸಿ

ತಾಷ್ಕೆಂಟ್ ಎಂದರೆ ಭಾರತದಲ್ಲಿ ಮೊದಲು ನೆನಪಾಗುವವರು ಲಾಲ್ ಬಹಾದುರ್ ಶಾಸ್ತ್ರಿ. ಪಾಕಿಸ್ತಾನದ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕಿದ ಮರುದಿನ, 1966ರ ಜನವರಿ 11ರ ನಸುಕಿನಲ್ಲಿ, ಅವರು ಅಲ್ಲಿಯೇ ತೀರಿಕೊಂಡರು. ಅದಾಗಿ ಮೂರೂವರೆ ತಿಂಗಳಿಗೆ, ಏಪ್ರಿಲ್ 26ರ ಬೆಳಗಿನ 5 ಗಂಟೆ 23 ನಿಮಿಷಕ್ಕೆ, ಆ ಊರಿನ ನಟ್ಟನಡುವೆಯೇ ಭೂಮಿ ನಡುಗಿತು. ಕಂಪನದ ಪ್ರಮಾಣ ಐದಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೆ ಕೇಂದ್ರ ಕೆಲವೇ ಕಿಲೋಮೀಟರ್ ಆಳದಲ್ಲಿತ್ತು. ಅದರ ಮೇಲೆ ನಿಂತಿದ್ದವುಗಳಲ್ಲಿ ಹೆಚ್ಚಿನವು ಮಣ್ಣಿನ, ಹಸಿ ಇಟ್ಟಿಗೆಯ ಮನೆಗಳು. ಸುಮಾರು ಮೂರು ಲಕ್ಷ ಜನ ಸೂರು ಕಳೆದುಕೊಂಡರು.

ಅಷ್ಟು ಜನಕ್ಕೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಮನೆ ಕಟ್ಟುತ್ತ ಕೂರಲು ಸಮಯವಿರಲಿಲ್ಲ. ಸೋವಿಯತ್ ಒಕ್ಕೂಟದ ಬೇರೆ ಬೇರೆ ಗಣರಾಜ್ಯಗಳಿಂದ ಕೆಲಸಗಾರರು ಬಂದಿಳಿದರು. ಕೆಲವೇ ವರ್ಷಗಳಲ್ಲಿ ಹೊಸ ಬಡಾವಣೆಗಳು ಎದ್ದವು. ಆ ವೇಗದ ಹಿಂದೆ ಇದ್ದದ್ದು ಪ್ರೀಕಾಸ್ಟ್ ಕಾಂಕ್ರೀಟ್. ಗೋಡೆ, ಚಾವಣಿ, ಮೆಟ್ಟಿಲು ಎಲ್ಲವನ್ನೂ ಕಾರ್ಖಾನೆಯಲ್ಲಿ ಅಚ್ಚು ಹಾಕಿ, ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ ಜೋಡಿಸುವ ಈ ಕ್ರಮಕ್ಕೆ 1954ರ ಆಗಸ್ಟ್ 19ರ ಸರ್ಕಾರಿ ಆದೇಶವೊಂದು ದೇಶವ್ಯಾಪಿ ಚಾಲನೆ ಕೊಟ್ಟಿತ್ತು. 1980ರ ದಶಕದ ಹೊತ್ತಿಗೆ ಆ ದೇಶ ವರ್ಷಕ್ಕೆ 12 ಕೋಟಿ ಘನ ಮೀಟರಿಗೂ ಹೆಚ್ಚು ಪ್ರೀಕಾಸ್ಟ್ ಕಾಂಕ್ರೀಟ್ ತಯಾರಿಸುತ್ತಿತ್ತು.

ಅದರ ಬಹುಪಾಲು ಹಬೆಯ ಕೋಣೆಯನ್ನು ಹಾದು ಬರುತ್ತಿತ್ತು. ಬಾಯ್ಲರ್ ಉರಿಸಿ, ಹಬೆ ಹಾಯಿಸಿ, 80 ಡಿಗ್ರಿ ಆಸುಪಾಸಿನಲ್ಲಿ ಕಾಂಕ್ರೀಟನ್ನು ಗಂಟೆಗಟ್ಟಲೆ ಬೇಯಿಸುವ ಪದ್ಧತಿ ಅದು. ಮಾಸ್ಕೋದ ಚಳಿಗೆ, ಸೈಬೀರಿಯಾದ ಹಿಮಕ್ಕೆ ಅದು ಅನಿವಾರ್ಯವಾಗಿತ್ತು. ಜುಲೈ ತಿಂಗಳಲ್ಲಿ 36 ಡಿಗ್ರಿಯ ಹಗಲು ಮಾಮೂಲಾಗಿರುವ, ತಿಂಗಳುಗಟ್ಟಲೆ ಮೋಡವೇ ಸುಳಿಯದ ತಾಷ್ಕೆಂಟಿನಲ್ಲೂ ಅದೇ ಬಾಯ್ಲರ್ ಏಕೆ ಉರಿಯಬೇಕು? 1970 ಮತ್ತು 80ರ ದಶಕಗಳಲ್ಲಿ ಮಧ್ಯ ಏಷ್ಯಾದ ಎಂಜಿನಿಯರುಗಳು ಕೈಗೆತ್ತಿಕೊಂಡ ಈ ಪ್ರಶ್ನೆ ಇಂದು ರಾಯಚೂರಿಗೂ ರಿಯಾದಿಗೂ ಅಷ್ಟೇ ಸಲ್ಲುತ್ತದೆ. ಅವರು ಕಂಡುಕೊಂಡ ಉತ್ತರ ಅರ್ಥವಾಗಬೇಕಾದರೆ ಮೊದಲು ಕಾಂಕ್ರೀಟಿನ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಅಚ್ಚು ಖಾಲಿಯಾಗಬೇಕು

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನಡೆಯುವುದು ಅದಕ್ಕೆ ವಿರುದ್ಧ. ಸಿಮೆಂಟಿನ ಕಣ ನೀರನ್ನು ತನ್ನೊಳಗೆ ಸೇರಿಸಿಕೊಂಡು ಹೊಸ ವಸ್ತುವಾಗಿ ಮಾರ್ಪಡುತ್ತದೆ. ಹೈಡ್ರೇಶನ್ ಎಂದು ಕರೆಯುವ ಈ ರಾಸಾಯನಿಕ ಕ್ರಿಯೆಯಲ್ಲಿ ಕಾಲ್ಸಿಯಂ, ಸಿಲಿಕಾ ಮತ್ತು ನೀರು ಸೇರಿ ಸೂಕ್ಷ್ಮವಾದ ಜೆಲ್ ಹುಟ್ಟುತ್ತದೆ. ಮರಳು, ಜಲ್ಲಿಯನ್ನೆಲ್ಲ ಹಿಡಿದಿಡುವುದು ಆ ಜೆಲ್. ನೀರು ಮುಗಿದರೆ ಕ್ರಿಯೆ ನಿಲ್ಲುತ್ತದೆ. ಮೇಸ್ತ್ರಿಗಳು ಹೊಸ ಚಾವಣಿಯ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವುದು, ಕಂಬಕ್ಕೆ ಗೋಣಿಚೀಲ ಸುತ್ತಿ ನೀರು ಹಾಕುವುದು ಇದೇ ಕಾರಣಕ್ಕೆ.

ಮನೆ ಕಟ್ಟುವಾಗ ಒಂದೆರಡು ವಾರ ಕಾಯಬಹುದು. ಕಾರ್ಖಾನೆಯಲ್ಲಿ ಅಷ್ಟು ಬಿಡುವಿಲ್ಲ. ಅಲ್ಲಿ ದುಬಾರಿ ವಸ್ತುವೆಂದರೆ ಉಕ್ಕಿನ ಅಚ್ಚು. ಇಂದು ಸುರಿದ ಕಾಂಕ್ರೀಟ್ ನಾಳೆ ಬೆಳಗ್ಗೆ ಅಚ್ಚು ಬಿಟ್ಟು ಏಳುವಂತಿದ್ದರೆ ಒಂದೇ ಅಚ್ಚು ದಿನಕ್ಕೊಂದು ತುಂಡು ಕೊಡುತ್ತದೆ. ಮೂರು ದಿನ ಹಿಡಿದರೆ ಅಷ್ಟೇ ಕೆಲಸಕ್ಕೆ ಮೂರು ಅಚ್ಚು, ಮೂರು ಪಟ್ಟು ಜಾಗ ಬೇಕು. ಭಾರತೀಯ ರೈಲ್ವೆಯ ಕಾಂಕ್ರೀಟ್ ಸ್ಲೀಪರನ್ನೇ ನೋಡಿ. ಬ್ರಾಡ್‌ಗೇಜ್ ಹಳಿಯ ಒಂದು ಕಿಲೋಮೀಟರಿಗೆ ಸಾಮಾನ್ಯವಾಗಿ 1660 ಸ್ಲೀಪರ್ ಬೇಕು. ಪ್ರತಿಯೊಂದರ ಒಳಗೂ ಬಿಗಿಯಾಗಿ ಎಳೆದು ಹಿಡಿದ ಉಕ್ಕಿನ ತಂತಿಯ ಎಳೆಗಳಿರುತ್ತವೆ. ಕಾಂಕ್ರೀಟಿಗೆ ಸಾಕಷ್ಟು ಬಲ ಬಂದ ಮೇಲೆಯೇ ತಂತಿಯ ಬಿಗಿಯನ್ನು ಅದಕ್ಕೆ ಬಿಟ್ಟುಕೊಡಬೇಕು. ಮೊದಲೇ ಬಿಟ್ಟರೆ ತಂತಿ ಒಳಗೇ ಜಾರುತ್ತದೆ, ಕಾಂಕ್ರೀಟ್ ಬಿರುಕು ಬಿಡುತ್ತದೆ. ಈ ಕಾಯುವ ಹೊತ್ತನ್ನು ಕಡಿಮೆ ಮಾಡಲು ಸ್ಲೀಪರ್ ಕಾರ್ಖಾನೆಗಳು ಹಬೆಯ ಮೊರೆಹೋಗುತ್ತವೆ.

ಬಿಸಿಗೂ ಬಲಕ್ಕೂ ಇರುವ ನಂಟನ್ನು ಲೆಕ್ಕಕ್ಕೆ ತಂದವರು ಬ್ರಿಟನ್ನಿನ ನರ್ಸ್ ಮತ್ತು ಸಾಲ್. ಹಬೆಯ ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಹಬೆಯಲ್ಲಿ ಮಾಗಿಸುವ ಕ್ರಮದ ಬಗ್ಗೆ ನರ್ಸ್ 1949ರಲ್ಲಿಯೂ ಸಾಲ್ 1951ರಲ್ಲಿಯೂ ಬರೆದ ಪ್ರಬಂಧಗಳಲ್ಲಿ ಸರಳವಾದ ಒಂದು ಸೂತ್ರವಿದೆ. ಕಾಂಕ್ರೀಟಿನ ಉಷ್ಣತೆಗೆ 10 ಕೂಡಿಸಿ, ಅದನ್ನು ಕಳೆದ ಗಂಟೆಗಳಿಂದ ಗುಣಿಸಿ. ಬರುವ ಸಂಖ್ಯೆಯೇ ಆ ಕಾಂಕ್ರೀಟಿನ ಮಾಗುವಿಕೆ. ಒಂದೇ ಮಿಶ್ರಣದ ಎರಡು ತುಂಡುಗಳಿಗೆ ಈ ಸಂಖ್ಯೆ ಸಮನಾಗಿದ್ದರೆ ಬಲವೂ ಹೆಚ್ಚುಕಡಿಮೆ ಸಮ. 5 ಡಿಗ್ರಿಯ ಚಳಿಯಲ್ಲಿ 48 ಗಂಟೆ, 20 ಡಿಗ್ರಿಯಲ್ಲಿ 24 ಗಂಟೆ, 35 ಡಿಗ್ರಿಯಲ್ಲಿ 16 ಗಂಟೆ: ಮೂರಕ್ಕೂ ಉತ್ತರ 720. ಹೆಪ್ಪು ಹಾಕಿದ ಹಾಲು ಬೇಸಿಗೆಯಲ್ಲಿ ನಾಲ್ಕೈದು ಗಂಟೆಗೆ ಮೊಸರಾಗಿ, ಚಳಿಗಾಲದಲ್ಲಿ ಬೆಳಗಾದರೂ ನೀರುನೀರಾಗಿ ಉಳಿಯುವುದನ್ನು ಕಂಡವರಿಗೆ ಈ ತರ್ಕ ಹೊಸದಲ್ಲ.

ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆ ಈ ಸರಳ ಸೂತ್ರ ಹೇಳುವುದಕ್ಕಿಂತಲೂ ಬೇಗ ಓಡುತ್ತದೆ. ಇದನ್ನು ಗಮನಕ್ಕೆ ತೆಗೆದುಕೊಂಡು ಡೆನ್ಮಾರ್ಕಿನ ಫ್ರೈಸ್ಲೆಬೆನ್ ಹಾನ್ಸೆನ್ ಮತ್ತು ಪೆಡರ್ಸನ್ 1977ರಲ್ಲಿ ಹೆಚ್ಚು ನಿಖರವಾದ ಸಮೀಕರಣ ಕೊಟ್ಟರು. ಸಾಮಾನ್ಯ ಸಿಮೆಂಟಿಗೆ ಅದನ್ನು ಹಾಕಿ ನೋಡಿದರೆ 20 ಡಿಗ್ರಿಯ 24 ಗಂಟೆಯ ಕೆಲಸ 35 ಡಿಗ್ರಿಯಲ್ಲಿ ಸುಮಾರು 11 ಗಂಟೆಗೆ ಮುಗಿಯುತ್ತದೆ. ಅಂದರೆ ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ, ಕಾಂಕ್ರೀಟಿನ ಉಷ್ಣತೆ ಇಳಿಯದಂತೆ ನೋಡಿಕೊಂಡರೆ ಸಾಕು, ಯುರೋಪಿನ ಕಾರ್ಖಾನೆ ಬೆಂಕಿ ಹಚ್ಚಿ ಗಳಿಸುವ ವೇಗದ ದೊಡ್ಡ ಪಾಲು ಪುಕ್ಕಟೆಯಾಗಿ ಕೈಗೆ ಬಂದಿರುತ್ತದೆ.

ಒಳಗಿನ ಒಲೆ

ಸಿಮೆಂಟ್ ತಾನೇ ಶಾಖ ಹುಟ್ಟಿಸುತ್ತದೆ. ಈ ಶಾಖ ಎಷ್ಟು ದೊಡ್ಡದು ಎಂಬುದನ್ನು ಜಗತ್ತಿಗೆ ತೋರಿಸಿದ್ದು ಅಮೆರಿಕದ ಹೂವರ್ ಅಣೆಕಟ್ಟು. 1933ರಿಂದ 1935ರವರೆಗೆ ಅಲ್ಲಿ ಕಾಂಕ್ರೀಟ್ ಸುರಿದ ಎಂಜಿನಿಯರುಗಳ ಲೆಕ್ಕದ ಪ್ರಕಾರ, ಇಡೀ ಗೋಡೆಯನ್ನು ಒಂದೇ ಗಡ್ಡೆಯಾಗಿ ಸುರಿದಿದ್ದರೆ ಅದು ತಣ್ಣಗಾಗಲು 125 ವರ್ಷ ಬೇಕಾಗುತ್ತಿತ್ತು. ಆದ್ದರಿಂದ ಬಿಡಿ ಬಿಡಿ ಸ್ತಂಭಗಳಾಗಿ ಸುರಿದು, ಒಳಗೆ 930 ಕಿಲೋಮೀಟರಿಗೂ ಹೆಚ್ಚು ಉದ್ದದ ಒಂದಂಗುಲದ ಪೈಪು ಹಾಕಿ, ಮೊದಲು ನದಿಯ ನೀರು, ಆಮೇಲೆ ಯಂತ್ರದಲ್ಲಿ ತಣಿಸಿದ ನೀರು ಹರಿಸಿ ಆ ಶಾಖವನ್ನು ಹೊರಗೆ ತೆಗೆದರು.

ಅಣೆಕಟ್ಟಿಗೆ ಬೇಡವಾದ ಈ ಶಾಖ ಪ್ರೀಕಾಸ್ಟ್ ಕಾರ್ಖಾನೆಗೆ ಬೇಕಾದ ಶಾಖ. ಲೆಕ್ಕ ಕಷ್ಟದ್ದಲ್ಲ. ಒಂದು ಘನ ಮೀಟರ್ ಕಾಂಕ್ರೀಟಿನ ತೂಕ ಸುಮಾರು 2400 ಕೆಜಿ. ಪ್ರತಿ ಕೆಜಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಜೂಲ್ ಸಾಕು. 5 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 132 ಮೆಗಾಜೂಲ್ ಬೇಕು. 30 ಡಿಗ್ರಿಯಿಂದ ಹೊರಟರೆ 72 ಮೆಗಾಜೂಲ್, ಅಂದರೆ ವಿದ್ಯುತ್ತಿನ ಭಾಷೆಯಲ್ಲಿ 20 ಯೂನಿಟ್. ಈಗ ಒಳಗಿನ ಲೆಕ್ಕ. ಆ ಘನ ಮೀಟರಿನಲ್ಲಿ 400 ಕೆಜಿ ಸಿಮೆಂಟ್ ಇದ್ದು, ಮೊದಲ ಒಂದೆರಡು ದಿನದಲ್ಲಿ ಕೆಜಿಗೆ 200 ಕಿಲೋಜೂಲಿನಷ್ಟು ಶಾಖ ಬಿಟ್ಟರೆ ಒಟ್ಟು 80 ಮೆಗಾಜೂಲ್ ಆಯಿತು. ಬೇಕಾದದ್ದು 72, ಒಳಗಿರುವುದು 80.

ಹಾಗಿದ್ದರೂ ಬಾಯ್ಲರುಗಳು ಉರಿಯುತ್ತಿರುವುದಕ್ಕೆ ಕಾರಣ ಎರಡು. ಮೊದಲನೆಯದು, ಸಿಮೆಂಟಿನ ಶಾಖ ತಕ್ಷಣ ಹೊರಬರುವುದಿಲ್ಲ. ನೀರು ಬೆರೆಸಿದ ಮೇಲೆ ಕೆಲವು ಗಂಟೆ ಕ್ರಿಯೆ ಮಂದವಾಗಿರುತ್ತದೆ, ಆಮೇಲೆ ಒಮ್ಮೆಲೇ ಚುರುಕಾಗುತ್ತದೆ. ಚಳಿ ದೇಶದಲ್ಲಿ ಆ ಮಂದ ಹೊತ್ತು ಬಹಳ ಎಳೆಯುತ್ತದೆ, ಹೊರಗಿನ ಬಿಸಿ ಅದಕ್ಕೆ ಕಿಡಿ ಹಚ್ಚುತ್ತದೆ. ಎರಡನೆಯದು, ತೆಳುವಾದ ತುಂಡಿನಲ್ಲಿ ಹುಟ್ಟಿದ ಶಾಖ ನಿಲ್ಲುವುದಿಲ್ಲ. ಗಾಳಿಗೆ, ನೆಲಕ್ಕೆ, ಉಕ್ಕಿನ ಅಚ್ಚಿಗೆ ಸೋರಿಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಣ್ಣಿಗೆ ಕಾಣದಂತೆ ಆವಿಯಾಗಿ ಹೋಗುತ್ತದೆ.

ಈ ಕೊನೆಯ ಸೋರಿಕೆಯನ್ನು ಬಿಸಿಲ ನಾಡಿನವರು ವಿಶೇಷವಾಗಿ ಗಮನಿಸಬೇಕು. ಬಿಸಿಗಾಳಿ ಬೀಸುವ ಮಧ್ಯಾಹ್ನ ಹಸಿ ಕಾಂಕ್ರೀಟಿನ ಒಂದು ಚದರ ಮೀಟರಿನಿಂದ ಗಂಟೆಗೆ ಒಂದು ಕೆಜಿ ನೀರು ಆವಿಯಾಗುವುದುಂಟು. ಆ ಮಟ್ಟ ಮುಟ್ಟಿದರೆ ಮೇಲ್ಮೈ ಬಿರುಕು ಬಿಡುವ ಅಪಾಯ ಇದೆಯೆಂದು ಎಂಜಿನಿಯರಿಂಗ್ ಕೈಪಿಡಿಗಳು ಎಚ್ಚರಿಸುತ್ತವೆ. ಬಿರುಕಿನ ಮಾತು ಹಾಗಿರಲಿ, ಒಂದು ಕೆಜಿ ನೀರು ಆವಿಯಾಗುವಾಗ ಸುಮಾರು 2.4 ಮೆಗಾಜೂಲ್ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಗಂಟೆಗೆ ಒಂದು ಕೆಜಿ ಎಂದರೆ ಚದರ ಮೀಟರಿಗೆ 670 ವಾಟ್. ನಡುಹಗಲ ಸೂರ್ಯ ಕೊಡುವುದು ಚದರ ಮೀಟರಿಗೆ ಸುಮಾರು 1000 ವಾಟ್. ತೆರೆದಿಟ್ಟ ಕಾಂಕ್ರೀಟ್ ಬಿಸಿಲು ಕೊಟ್ಟದ್ದರಲ್ಲಿ ಮೂರರಲ್ಲಿ ಎರಡು ಪಾಲನ್ನು ಹೀಗೆ ಗಾಳಿಗೆ ತೂರುತ್ತದೆ. ಜೊತೆಗೆ ತನ್ನ ಬಲಕ್ಕೆ ಬೇಕಾದ ನೀರನ್ನೂ ಕಳೆದುಕೊಳ್ಳುತ್ತದೆ. ಒಂದು ಪ್ಲಾಸ್ಟಿಕ್ ಹಾಳೆಯನ್ನು ಮೇಲ್ಮೈಗೆ ಅಂಟಿದಂತೆ ಹೊದಿಸಿದರೆ ಈ ಎರಡೂ ನಷ್ಟ ಒಟ್ಟಿಗೆ ನಿಲ್ಲುತ್ತವೆ. ಇಂಧನ ಉಳಿತಾಯದ ಕೆಲಸದಲ್ಲಿ ಇದಕ್ಕಿಂತ ಅಗ್ಗದ ಮೊದಲ ಹೆಜ್ಜೆ ಇನ್ನೊಂದಿಲ್ಲ.

ಎರಡು ಪದರದ ಪಾರದರ್ಶಕ ಹೊದಿಕೆ

ಮಧ್ಯ ಏಷ್ಯಾದವರು ಕಂಡುಕೊಂಡದ್ದು ಇದರ ಮುಂದಿನ ಹೆಜ್ಜೆಯನ್ನು. ಮಾಸ್ಕೋದ ಕಾಂಕ್ರೀಟ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಬಿಸಿಲ ಗಣರಾಜ್ಯಗಳ ಎಂಜಿನಿಯರುಗಳೂ ಸೇರಿ ‘ಸ್ವಿತಾಪ್’ ಎಂಬ ಹೊದಿಕೆಯನ್ನು ರೂಪಿಸಿದರು. ಬೆಳಕನ್ನು ಒಳಬಿಟ್ಟು ಶಾಖವನ್ನು ತಡೆಹಿಡಿಯುವ ಹೊದಿಕೆ ಎಂಬುದರ ರಷ್ಯನ್ ಸಂಕ್ಷೇಪ ಅದು. ಒಂದು ಚೌಕಟ್ಟು, ಅದಕ್ಕೆ ಬಿಗಿದ ಪಾರದರ್ಶಕ ಹಾಳೆ ಅಥವಾ ಗಾಜಿನ ಎರಡು ಪದರ, ನಡುವೆ ಗಾಳಿಯ ಸಂದು. ಕಾಂಕ್ರೀಟ್ ತುಂಬಿದ ಅಚ್ಚಿನ ಮೇಲೆ ಇದನ್ನು ಸಂದಿಲ್ಲದಂತೆ ಕೂರಿಸುತ್ತಿದ್ದರು. ಬಿಸಿಲು ಹಾದುಹೋಗಿ ಕಾಂಕ್ರೀಟಿನ ಬೂದು ಮೈಗೆ ತಾಗುತ್ತದೆ. ಮೇಲೆದ್ದ ಆವಿ ಹೊದಿಕೆಯ ಕೆಳಮೈಗೆ ಹನಿಗಟ್ಟಿ ಮತ್ತೆ ಕಾಂಕ್ರೀಟಿನ ಮೇಲೆಯೇ ಬೀಳುತ್ತದೆ. ಗಾಳಿಗೆ ಒಳಗೆ ಪ್ರವೇಶವಿಲ್ಲ. ಬೇರೆ ಕಟ್ಟಡವಿಲ್ಲ, ಪೈಪಿಲ್ಲ, ಬಾಯ್ಲರಿಲ್ಲ. ಅಚ್ಚೇ ಸೌರ ಸಂಗ್ರಾಹಕ.

ಇದರ ಯಶಸ್ಸು ನಿಂತಿರುವುದು ಗಡಿಯಾರದ ಮೇಲೆ. ಕಾಂಕ್ರೀಟ್ ಸುರಿಯುವ ಕೆಲಸ ಬೆಳಗಿನ ಹೊತ್ತಿಗೇ ಮುಗಿಯಬೇಕು. ಸಿಮೆಂಟಿನ ಒಳಗಿನ ಕ್ರಿಯೆ ಇನ್ನೂ ಮಂದವಾಗಿರುವ ಆ ಮೊದಲ ಗಂಟೆಗಳಲ್ಲಿ ಮಧ್ಯಾಹ್ನದ ಬಿಸಿಲು ಕಾಂಕ್ರೀಟನ್ನು ಮೆಲ್ಲಗೆ ಬಿಸಿ ಮಾಡುತ್ತದೆ. ಸೂರ್ಯ ಇಳಿಯುವ ಹೊತ್ತಿಗೆ ಒಳಗಿನ ಒಲೆ ಹೊತ್ತಿಕೊಂಡಿರುತ್ತದೆ. ಸಂಜೆ ಉಷ್ಣತೆ 50ರಿಂದ 60 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕಾಂಕ್ರೀಟಿನ ರಾಶಿಯೇ ಶಾಖದ ಉಗ್ರಾಣವಾದ್ದರಿಂದ ರಾತ್ರಿಯಿಡೀ ಅದು ನಿಧಾನವಾಗಿ ಇಳಿಯುತ್ತದೆ. ಬೇಕಾದಲ್ಲಿ ಹೊದಿಕೆಯ ಮೇಲೊಂದು ಕಂಬಳಿ. ಮರುದಿನ ಬೆಳಗ್ಗೆ ತುಂಡು ಅಚ್ಚು ಬಿಟ್ಟೇಳುತ್ತದೆ, 28 ದಿನದಲ್ಲಿ ಬರಬೇಕಾದ ಬಲದ ಅರ್ಧಕ್ಕಿಂತ ಹೆಚ್ಚು ಆಗಲೇ ಬಂದಿರುತ್ತದೆ. ಈ ಅನುಭವವನ್ನೆಲ್ಲ ಜಸೆದಾತೆಲೆವ್, ಮಾಲಿನ್ಸ್ಕಿ ಮತ್ತು ತ್ಯೋಮ್ಕಿನ್ 1990ರಲ್ಲಿ ಮಾಸ್ಕೋದಿಂದ ಹೊರತಂದ ಪುಸ್ತಕದಲ್ಲಿ ಒಟ್ಟುಗೂಡಿಸಿದರು.

ಕರ್ನಾಟಕದ ಬಿಸಿಲಿಗೆ ಈ ಲೆಕ್ಕ ಹೊಂದುತ್ತದೆಯೇ? 20 ಸೆಂಟಿಮೀಟರ್ ದಪ್ಪದ ಚಪ್ಪಡಿಯ ಒಂದು ಚದರ ಮೀಟರಿನ ತೂಕ 480 ಕೆಜಿ. ಅದನ್ನು 30 ಡಿಗ್ರಿಯಷ್ಟು ಮೇಲೇರಿಸಲು 4 ಯೂನಿಟ್ ಶಾಖ ಬೇಕು. ರಾಜ್ಯದ ಬಯಲುಸೀಮೆಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಐದಾರು ಯೂನಿಟ್ ಬಿಸಿಲು ಬೀಳುತ್ತದೆ. ಅದರಲ್ಲಿ ಅರ್ಧ ಹೊದಿಕೆಯಲ್ಲೇ ಕಳೆದುಹೋದರೂ ಉಳಿದದ್ದು ಎರಡೂವರೆಗಿಂತ ಹೆಚ್ಚು. ಸಿಮೆಂಟ್ ತನ್ನ ಪಾಲಿನ ನಾಲ್ಕು ಯೂನಿಟ್ ಸೇರಿಸುತ್ತದೆ. ಗೋಡೆಯ ಫಲಕ, ಚಾವಣಿಯ ಚಪ್ಪಡಿ, ಕಾಂಪೌಂಡಿನ ಹಲಗೆ, ಚರಂಡಿಯ ಮುಚ್ಚಳ ಮುಂತಾದ ಮಲಗಿಸಿ ಎರೆಯುವ ತೆಳು ತುಂಡುಗಳಿಗೆ ಇಷ್ಟು ಧಾರಾಳ.

ಮಳೆಗಾಲದ ಪ್ರಶ್ನೆ ಉಳಿಯುತ್ತದೆ. ಸೋವಿಯತ್ ಎಂಜಿನಿಯರುಗಳೂ ಬಿಸಿಲನ್ನೊಂದೇ ನಂಬಿ ಕೂರಲಿಲ್ಲ. ಮೋಡದ ದಿನಕ್ಕೆ, ಋತು ಬದಲಾಗುವ ಹೊತ್ತಿಗೆ ವಿದ್ಯುತ್ ಹೀಟರನ್ನು ಜೊತೆಗಿಟ್ಟು ಕೊರತೆ ತುಂಬಿಸುವ ಮಿಶ್ರ ಪದ್ಧತಿಯನ್ನು ಬೆಳೆಸಿದರು. ಕರ್ನಾಟಕದ ಮಟ್ಟಿಗೆ ಇನ್ನೊಂದು ದಾರಿಯೂ ಕಣ್ಣೆದುರೇ ಇದೆ. ಬೆಂಗಳೂರಿನ ತಾರಸಿಗಳ ಮೇಲೆ ಸಾಲುಗಟ್ಟಿರುವ ಸೌರ ಬಿಸಿನೀರಿನ ಹಂಡೆಗಳು ಕೊಡುವುದು 60 ಡಿಗ್ರಿ ಆಸುಪಾಸಿನ ನೀರು. ಕಾಂಕ್ರೀಟಿಗೆ ಬೇಕಾದ ಉಷ್ಣತೆಯೂ ಅಷ್ಟೇ. ಅಚ್ಚಿನ ಮೇಜಿನಡಿ ಪೈಪು ಹಾಯಿಸಿ ಬಿಸಿನೀರು ಹರಿಸುವ ವ್ಯವಸ್ಥೆ ಪ್ರೀಕಾಸ್ಟ್ ಉದ್ಯಮಕ್ಕೆ ಹೊಸದಲ್ಲ. ಆ ನೀರನ್ನು ಕಾಯಿಸಲು ಸಾವಿರ ಡಿಗ್ರಿಯ ಜ್ವಾಲೆ ಬೇಕಿಲ್ಲ. ತಾರಸಿಯ ಮೇಲಿನ ಕಪ್ಪು ಫಲಕ ಮಾಡುವ ಕೆಲಸ ಅದು. ನಿರೋಧಕ ಸುತ್ತಿದ ತೊಟ್ಟಿಯಲ್ಲಿ ಆ ನೀರನ್ನು ಹಿಡಿದಿಟ್ಟರೆ ಹಗಲಿನ ಬಿಸಿಲು ರಾತ್ರಿಯ ಪಾಳಿಗೂ ಒದಗುತ್ತದೆ.

ಅತಿಯಾದ ಬಿಸಿ

1980ರ ದಶಕದಲ್ಲಿ ಯುರೋಪಿನ ರೈಲ್ವೆಗಳಿಗೆ ವಿಚಿತ್ರ ತೊಂದರೆಯೊಂದು ಎದುರಾಯಿತು. ಫಿನ್ಲೆಂಡ್, ಜರ್ಮನಿ ಮೊದಲಾದ ಕಡೆ ಹಳಿಯಡಿಯ ಕಾಂಕ್ರೀಟ್ ಸ್ಲೀಪರುಗಳು ಹಾಕಿದ ಕೆಲವೇ ವರ್ಷಗಳಲ್ಲಿ ಉಬ್ಬಿ ಬಿರುಕು ಬಿಡತೊಡಗಿದವು. ಸುರಿದಾಗ ಯಾವ ದೋಷವೂ ಕಂಡಿರಲಿಲ್ಲ, ಬಲದ ಪರೀಕ್ಷೆಯಲ್ಲೂ ತೇರ್ಗಡೆಯಾಗಿದ್ದವು. ತನಿಖೆ ಕೊನೆಗೆ ಬಂದು ನಿಂತದ್ದು ಹಬೆಯ ಕೋಣೆಯ ಬಾಗಿಲಿಗೆ.

ಸಿಮೆಂಟಿಗೆ ನೀರು ಬೆರೆಸಿದ ಮೊದಲ ಗಂಟೆಗಳಲ್ಲಿ ಎಟ್ರಿಂಜೈಟ್ ಎಂಬ ಸೂಜಿಯಾಕಾರದ ಹರಳು ಹುಟ್ಟುತ್ತದೆ. ಅದರ ಸೂತ್ರದಲ್ಲಿ 32 ನೀರಿನ ಅಣುಗಳಿವೆ, ಅಷ್ಟು ಜಾಗ ಬೇಡುವ ಹರಳು ಅದು. ಕಾಂಕ್ರೀಟ್ ಇನ್ನೂ ಮೆತ್ತಗಿರುವಾಗ ಬೆಳೆದರೆ ಯಾರಿಗೂ ತೊಂದರೆಯಿಲ್ಲ. ಆದರೆ ಉಷ್ಣತೆ ಸುಮಾರು 70 ಡಿಗ್ರಿ ದಾಟಿದರೆ ಅದು ಉಳಿಯುವುದಿಲ್ಲ, ಅದರ ಘಟಕಗಳು ಚದುರಿ ಸಿಮೆಂಟಿನ ಜೆಲ್‌ನಲ್ಲಿ ಅಡಗಿ ಕೂರುತ್ತವೆ. ತಿಂಗಳುಗಳೋ ವರ್ಷಗಳೋ ಕಳೆದು, ಮಳೆಯ ತೇವ ಒಳಗಿಳಿದಾಗ, ಕಲ್ಲಿನಂತೆ ಗಟ್ಟಿಯಾಗಿರುವ ಕಾಂಕ್ರೀಟಿನೊಳಗೆ ಎಟ್ರಿಂಜೈಟ್ ಮತ್ತೆ ಹುಟ್ಟುತ್ತದೆ. ಆಗ ಜಾಗವಿರುವುದಿಲ್ಲ, ಕಾಂಕ್ರೀಟೇ ಸೀಳುತ್ತದೆ. ಈ ಪಾಠದ ನಂತರ ಹಲವು ದೇಶಗಳ ನಿಯಮಗಳು ಕ್ಯೂರಿಂಗ್ ಉಷ್ಣತೆಗೆ 65ರಿಂದ 70 ಡಿಗ್ರಿಯ ಮಿತಿ ಹಾಕಿದವು.

ಮಿತಿಯೊಳಗಿದ್ದರೂ ಅವಸರಕ್ಕೆ ಬೆಲೆ ಇದೆ. ಬೇಗ ಬೇಯಿಸಿದ ಕಾಂಕ್ರೀಟ್ ಮೊದಲ ದಿನ ಮುಂದಿರುತ್ತದೆ, 28ನೇ ದಿನ ನಿಧಾನವಾಗಿ ಮಾಗಿದ ಕಾಂಕ್ರೀಟಿಗಿಂತ ಹಿಂದೆ ಬೀಳುತ್ತದೆ. 1968ರಲ್ಲಿ ಟೋಕಿಯೊದಲ್ಲಿ ನಡೆದ ಸಿಮೆಂಟ್ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವರ್ಬೆಕ್ ಮತ್ತು ಹೆಲ್ಮತ್ ಇದಕ್ಕೊಂದು ವಿವರಣೆ ಮುಂದಿಟ್ಟರು. ಕ್ರಿಯೆ ವೇಗವಾಗಿ ನಡೆದಾಗ ಹುಟ್ಟಿದ ಜೆಲ್ ದೂರಕ್ಕೆ ಹರಡಲು ಸಮಯ ಸಿಗದೆ ಸಿಮೆಂಟ್ ಕಣದ ಸುತ್ತಲೇ ದಟ್ಟವಾದ ಚಿಪ್ಪಾಗಿ ಕೂರುತ್ತದೆ. ಆ ಚಿಪ್ಪು ಒಳಗಿನ ಸಿಮೆಂಟಿಗೆ ನೀರು ತಲುಪದಂತೆ ತಡೆಯುತ್ತದೆ, ಹೊರಗಿನ ಸಂದುಗಳು ತುಂಬದೆ ಉಳಿಯುತ್ತವೆ.

ಬಿಸಿ ನಾಡಿನಲ್ಲಿ ಈ ಎಚ್ಚರ ಇನ್ನೂ ಮುಖ್ಯ. ನೂರು ಕೆಜಿ ಸಿಮೆಂಟಿಗೆ ಕಾಂಕ್ರೀಟಿನ ಉಷ್ಣತೆ ಹತ್ತು ಹನ್ನೆರಡು ಡಿಗ್ರಿ ಏರುತ್ತದೆಂಬುದು ದಪ್ಪ ತುಂಡುಗಳಿಗೆ ಎಂಜಿನಿಯರುಗಳು ಬಳಸುವ ಅಂದಾಜು. ಮೇ ತಿಂಗಳಲ್ಲಿ 35 ಡಿಗ್ರಿಯಲ್ಲಿ ಸುರಿದ, ಘನ ಮೀಟರಿಗೆ 450 ಕೆಜಿ ಸಿಮೆಂಟಿರುವ ಸೇತುವೆಯ ಗರ್ಡರಿನ ದಪ್ಪ ಭಾಗ ಯಾರೂ ಬಿಸಿ ಮಾಡದೆಯೇ 80 ಡಿಗ್ರಿ ಮುಟ್ಟಬಹುದು. ಅಂಥ ತುಂಡಿಗೆ ಹಬೆ ಹಾಯಿಸುವುದು ಇಂಧನದ ದಂಡವೂ ಹೌದು, ಗರ್ಡರಿಗೆ ಅಪಾಯವೂ ಹೌದು. ಅದಕ್ಕೆ ಬೇಕಾಗಿರುವುದು ಮಿಶ್ರಣಕ್ಕೆ ಮಂಜುಗಡ್ಡೆ, ನೆರಳಿನಲ್ಲಿಟ್ಟ ಜಲ್ಲಿ, ರಾತ್ರಿಯ ಪಾಳಿ. ಅದೇ ಯಾರ್ಡಿನ ಇನ್ನೊಂದು ಮೂಲೆಯ ತೆಳು ಹಲಗೆಗೆ ಹೊದಿಕೆಯೂ ಬಿಸಿಲೂ ಬೇಕು. ಎರಡಕ್ಕೂ ಒಂದೇ ಹಬೆಯ ವೇಳಾಪಟ್ಟಿ ಹಚ್ಚುವುದರಲ್ಲಿಯೇ ದೊಡ್ಡ ಪೋಲು ಅಡಗಿದೆ. ಕಾಂಕ್ರೀಟಿನೊಳಗೆ ಹುಗಿದ ಒಂದು ಉಷ್ಣತಾ ಸಂವೇದಕ ಇದನ್ನು ತಪ್ಪಿಸುತ್ತದೆ. ಗಂಟೆಗಂಟೆಯ ಉಷ್ಣತೆ ಗೊತ್ತಿದ್ದರೆ ನರ್ಸ್ ಮತ್ತು ಸಾಲ್ ಅವರ ಸೂತ್ರದಿಂದ ಬಲದ ಅಂದಾಜು ಸಿಗುತ್ತದೆ, ಸಾಕೆನಿಸಿದ ಕ್ಷಣ ಹಬೆ ನಿಲ್ಲಿಸಬಹುದು. ಜೊತೆಗಿಟ್ಟ ಪರೀಕ್ಷಾ ಘನಗಳನ್ನು ಅದೇ ಹೊದಿಕೆಯಡಿ ಮಾಗಿಸಿ ಒಡೆದು ನೋಡಿದರೆ ಅಂದಾಜು ಖಾತರಿಯಾಗುತ್ತದೆ.

ಸುಳ್ಳು ಉಳಿತಾಯ, ನಿಜವಾದ ಉಳಿತಾಯ

ಬಾಯ್ಲರನ್ನು ಬಿಡಲು ಒಂದು ಅಡ್ಡದಾರಿಯೂ ಇದೆ: ಸಿಮೆಂಟನ್ನೇ ಹೆಚ್ಚು ಹಾಕುವುದು. ಬಲ ಬೇಗ ಬರುತ್ತದೆ, ಶಾಖವೂ ಹೆಚ್ಚುತ್ತದೆ, ಕಾರ್ಖಾನೆಯ ಡೀಸೆಲ್ ಬಿಲ್ಲು ಇಳಿಯುತ್ತದೆ. ಆದರೆ ಸಿಮೆಂಟಿನ ಮೂಲವಾದ ಕ್ಲಿಂಕರನ್ನು 1450 ಡಿಗ್ರಿಯ ಗೂಡಿನಲ್ಲಿ ಸುಡಬೇಕು. ಒಳ್ಳೆಯ ಕಾರ್ಖಾನೆಯಲ್ಲೂ ಒಂದು ಟನ್ನಿಗೆ 3000 ಮೆಗಾಜೂಲಿನಷ್ಟು ಶಾಖ ಹಿಡಿಯುತ್ತದೆ. ಘನ ಮೀಟರಿಗೆ 100 ಕೆಜಿ ಸಿಮೆಂಟ್ ಹೆಚ್ಚಿಸಿದರೆ ಬೇರೆಲ್ಲೋ ಸುಮಾರು 300 ಮೆಗಾಜೂಲ್ ಉರಿದಂತಾಯಿತು. ಅದೇ ಘನ ಮೀಟರನ್ನು 30ರಿಂದ 60 ಡಿಗ್ರಿಗೆ ಏರಿಸಲು ಬೇಕಾದದ್ದು 72 ಮೆಗಾಜೂಲ್. ಮುಕ್ಕಾಲು ಪಾಲು ಸೋರಿಸುವ ಹಳೆಯ ಬಾಯ್ಲರ್ ಕೂಡ ಈ ಅಡ್ಡದಾರಿಗಿಂತ ದುಬಾರಿಯೇನಲ್ಲ. ಸುಣ್ಣಕಲ್ಲು ಸುಟ್ಟಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಲೆಕ್ಕ ಬೇರೆಯೇ ಇದೆ.

ಲೆಕ್ಕವನ್ನು ಹಿಂದುಮುಂದು ಮಾಡಿದರೆ ನಿಜವಾದ ಉಳಿತಾಯ ಕಾಣುತ್ತದೆ. ಬಿಸಿಲಿನ ಶಾಖ ಬಳಸಿ ಕ್ಲಿಂಕರನ್ನೇ ಕಡಿಮೆ ಮಾಡಬಹುದು. ಉಕ್ಕಿನ ಕಾರ್ಖಾನೆಯ ಕಿಟ್ಟವಾದ ಸ್ಲ್ಯಾಗನ್ನು ನುಣ್ಣಗೆ ಅರೆದರೆ ಅದು ಸಿಮೆಂಟಿನ ಕೆಲಸ ಮಾಡುತ್ತದೆ. ಭಾರತದ ಸ್ಲ್ಯಾಗ್ ಸಿಮೆಂಟ್ ಮಾನಕ ಶೇ 70ರವರೆಗೆ ಅದನ್ನು ಬೆರೆಸಲು ಅನುಮತಿ ಕೊಡುತ್ತದೆ. ಅದರ ದೌರ್ಬಲ್ಯವೆಂದರೆ ಮೊದಲ ದಿನದ ನಿಧಾನ. ಪ್ರೀಕಾಸ್ಟ್‌ನವರು ಹಿಂಜರಿಯುವುದು ಅದಕ್ಕೇ. ಆದರೆ ಸ್ಲ್ಯಾಗಿನ ಕ್ರಿಯೆ ಸಾಮಾನ್ಯ ಸಿಮೆಂಟಿಗಿಂತ ಹೆಚ್ಚು ಉಷ್ಣಸಂವೇದಿ: 20 ಡಿಗ್ರಿಯಲ್ಲಿ ತೂಕಡಿಸುವ ಅದು 50 ಡಿಗ್ರಿಯಲ್ಲಿ ಚುರುಕಾಗಿ ಓಡುತ್ತದೆ. ಅದರ ಒಳಶಾಖ ಕಡಿಮೆಯಾದ್ದರಿಂದ 70 ಡಿಗ್ರಿಯ ಗಡಿ ದಾಟುವ ಭಯವೂ ತಗ್ಗುತ್ತದೆ.

ನಿಧಾನದ ಕ್ರಿಯೆಯನ್ನು ಸಾಧಾರಣ ಬಿಸಿಯಿಂದ ಎಚ್ಚರಿಸುವ ಈ ಉಪಾಯಕ್ಕೆ ಬೆಂಗಳೂರಿನಲ್ಲಿಯೇ ಒಂದು ಹಿನ್ನೆಲೆಯಿದೆ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಅಸ್ತ್ರ’ ಗುಂಪು ಕಡಿಮೆ ಇಂಧನದ ಕಟ್ಟಡ ಸಾಮಗ್ರಿಗಳನ್ನು ಹುಡುಕುತ್ತ ಬಂತು. ಅದೇ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಲೋಕ್ರಸ್ 1998ರಲ್ಲಿ ಹಬೆಯಲ್ಲಿ ಮಾಗಿಸಿದ ಸ್ಥಿರೀಕೃತ ಮಣ್ಣಿನ ಬ್ಲಾಕುಗಳ ಬಗ್ಗೆ ಸಂಶೋಧನಾ ಪ್ರಬಂಧ ಪ್ರಕಟಿಸಿದರು. ಜೇಡಿಮಣ್ಣಿಗೂ ಸುಣ್ಣಕ್ಕೂ ನಡುವಿನ ಕ್ರಿಯೆ ಸಾಮಾನ್ಯ ಉಷ್ಣತೆಯಲ್ಲಿ ತಿಂಗಳುಗಟ್ಟಲೆ ಎಳೆಯುತ್ತದೆ. ಸಾಧಾರಣ ಒತ್ತಡದ ಹಬೆಯಲ್ಲಿ ಗಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ. ಸುಟ್ಟ ಇಟ್ಟಿಗೆಗೆ ಬೇಕಾದ ಭಟ್ಟಿಯ ಬೆಂಕಿ ಅದಕ್ಕೆ ಬೇಕಿಲ್ಲ.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದಿದೆ. ಅದರ ಊದುಕುಲುಮೆಯ ಸ್ಲ್ಯಾಗ್ ಅಲ್ಲಿಯೇ ಪುಡಿಯಾಗಿ ಸಿಮೆಂಟಿಗೆ ಸೇರುತ್ತದೆ. ಅದೇ ಜಿಲ್ಲೆಯಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ಮುಟ್ಟುತ್ತದೆ, ಮಳೆ ಕಡಿಮೆ, ಬಿಸಿಲಿನ ದಿನಗಳು ಹೆಚ್ಚು. ಅಲ್ಲಿನ ಒಂದು ಪ್ರೀಕಾಸ್ಟ್ ಯಾರ್ಡು ಅರ್ಧದಷ್ಟು ಸ್ಲ್ಯಾಗ್ ಇರುವ ಕಾಂಕ್ರೀಟನ್ನು ಬೆಳಗ್ಗೆ ಎಂಟರೊಳಗೆ ಸುರಿದು, ಎರಡು ಪದರದ ಪಾರದರ್ಶಕ ಹೊದಿಕೆ ಹಾಕಿ, ಸಂಜೆ ಅದರ ಮೇಲೆ ಕಂಬಳಿ ಹೊದಿಸಿ, ಒಳಗಿನ ಉಷ್ಣತೆಯನ್ನು ಗಂಟೆಗೊಮ್ಮೆ ಬರೆದಿಟ್ಟುಕೊಳ್ಳಲು ವಿಶೇಷ ಯಂತ್ರಗಳೇನೂ ಬೇಕಿಲ್ಲ. ಜುಲೈ, ಆಗಸ್ಟ್ ತಿಂಗಳ ಮೋಡದ ದಿನಗಳಿಗೆ ಒಂದು ಸಣ್ಣ ಬಿಸಿನೀರಿನ ವ್ಯವಸ್ಥೆ ಜೊತೆಗಿರಬೇಕು. ಒಂದು ವರ್ಷದ ಇಂಥ ದಾಖಲೆ ಕೈಯಲ್ಲಿದ್ದರೆ ಬಾಯ್ಲರ್ ವರ್ಷದ ಯಾವ ತಿಂಗಳು ಎಷ್ಟು ಗಂಟೆ ಉರಿಯಬೇಕು, ಯಾವ ತಿಂಗಳು ಉರಿಯಲೇಬೇಕಿಲ್ಲ ಎಂಬುದನ್ನು ಆ ಯಾರ್ಡಿನ ಮೇಸ್ತ್ರಿಯೇ ಹೇಳಬಲ್ಲ.